ಒಲ್ಲೆನೆಂದವರಿಗೆ ಚಿಕಿತ್ಸೆ: ಕಾನೂನು ನಡೆದು ಬಂದ ದಾರಿ



ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಒಬ್ಬಾತ ತನ್ನಷ್ಟಕ್ಕೆ ತಾನೇ ಮಾತನಾಡುತ್ತ ಅಲೆಯುತ್ತಿದ್ದಾನೆ ಎಂದುಕೊಳ್ಳಿ. ಅನ್ನ ನೀರಿನ ಪರಿವೆ ಅವನಿಗಿಲ್ಲ. ಆಸ್ಪತ್ರೆಗೆ ಬಾ ಎಂದರೆ ಒಲ್ಲೆ ಎನ್ನುತ್ತಾನೆ. ಅವನನ್ನು ಬಲವಂತವಾಗಿ ಕರೆದೊಯ್ಯಬಹುದೇ? ಈ ಪ್ರಶ್ನೆಗೆ ನಮ್ಮ ದೇಶದ ಮೂರು ಕಾಯಿದೆಗಳು ಮೂರು ಬಗೆಯ ಉತ್ತರ ಕೊಟ್ಟಿವೆ.

ಮೊದಲನೆಯದು 1912ರ ಭಾರತೀಯ ಲೂನಸಿ ಕಾಯಿದೆ. ಆಗ ಕಲಬುರಗಿ ನಿಜಾಮರ ಆಳ್ವಿಕೆಯಲ್ಲಿತ್ತು. ಈ ಕಾಯಿದೆ ಧಾರವಾಡದಂಥ ಬ್ರಿಟಿಷ್ ಪ್ರದೇಶಗಳದ್ದು. ಹುಚ್ಚನೆಂದು ಕಂಡ ಅಲೆಮಾರಿಯನ್ನು ಪೊಲೀಸರು ಹಿಡಿಯಬಹುದಿತ್ತು. ಅಪಾಯಕಾರಿ ಎನಿಸಿದರೆ ಹಿಡಿಯಲೇಬೇಕಿತ್ತು. ವೈದ್ಯರ ಪ್ರಮಾಣಪತ್ರದ ಮೇಲೆ ಮ್ಯಾಜಿಸ್ಟ್ರೇಟರು ಅವನನ್ನು ಹುಚ್ಚಾಸ್ಪತ್ರೆಗೆ ಕಳಿಸುತ್ತಿದ್ದರು. ಊರಿಗೆ ತೊಂದರೆಯಾಗಬಾರದು ಎಂಬುದೇ ಇಲ್ಲಿನ ಮುಖ್ಯ ಕಾಳಜಿ.

ಎರಡನೆಯದು 1987ರ ಮಾನಸಿಕ ಆರೋಗ್ಯ ಕಾಯಿದೆ. ಇದು ಜಾರಿಗೆ ಬಂದದ್ದು 1993ರಲ್ಲಿ. 'ಹುಚ್ಚ' ಹೋಗಿ 'ಮಾನಸಿಕ ರೋಗಿ' ಬಂದ. ಬಂಧುವೋ ಸ್ನೇಹಿತನೋ ಅರ್ಜಿ ಕೊಟ್ಟು, ಇಬ್ಬರು ವೈದ್ಯರು ಪ್ರಮಾಣಪತ್ರ ನೀಡಿ, ರೋಗಿಯ ಹಿತಕ್ಕೆ ಇದು ಅಗತ್ಯವೆಂದು ಆಸ್ಪತ್ರೆಗೆ ಮನವರಿಕೆಯಾದರೆ, ನ್ಯಾಯಾಲಯದ ಆದೇಶವಿಲ್ಲದೆ 90 ದಿನಗಳವರೆಗೆ ಇರಿಸಿಕೊಳ್ಳಬಹುದಿತ್ತು. ಆದರೆ ಆ ಹಿತ ಯಾವುದೆಂದು ಹೇಳುವವರು ಬೇರೆಯವರು! ಅದೇ 1993ರಲ್ಲಿ ಶೀಲಾ ಬರ್ಸೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಪರಾಧವನ್ನೇ ಮಾಡದ ಮಾನಸಿಕ ರೋಗಿಗಳನ್ನು ಜೈಲಿನಲ್ಲಿಡುವುದು ಸಂವಿಧಾನಬಾಹಿರ ಎಂದು ಸಾರಿತು.

ಮೂರನೆಯದು 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ. ಇದರ ಪ್ರಕಾರ ರೋಗವಿದೆ ಎಂದರಷ್ಟೇ ಸಾಲದು. ರೋಗ ತೀವ್ರವಾಗಿರಬೇಕು. ಆತ ಇತ್ತೀಚೆಗೆ ತನಗೇ ಹಾನಿ ಮಾಡಿಕೊಳ್ಳಲು ಹೊರಟಿರಬೇಕು, ಇಲ್ಲವೇ ಇತರರ ಮೇಲೆ ಹಿಂಸೆಗಿಳಿದಿರಬೇಕು, ಇಲ್ಲವೇ ಅಪಾಯಕ್ಕೀಡಾಗುವಷ್ಟು ತನ್ನ ಪಾಲನೆಯನ್ನೇ ಮರೆತಿರಬೇಕು. ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಅವರಲ್ಲೊಬ್ಬರು ಮನೋವೈದ್ಯರೇ ಆಗಿರಬೇಕು. ಮೊದಲ ಅವಧಿ 30 ದಿನ ಮೀರುವಂತಿಲ್ಲ. ದಾಖಲಾದವನು ಪರಿಶೀಲನಾ ಮಂಡಳಿಯಲ್ಲಿ ಅದನ್ನು ಪ್ರಶ್ನಿಸಬಹುದು. ಪೊಲೀಸರು ಅಂಥವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಈಗ ಮತ್ತೆ ಸ್ಟೇಶನ್ ಬಜಾರಕ್ಕೆ ಬನ್ನಿ. ಆತ ಒಬ್ಬನೇ ಮಾತನಾಡುವುದು ಬಲವಂತಕ್ಕೆ ಕಾರಣವಾಗದು. ಊಟ ಬಿಟ್ಟು ಜೀವಕ್ಕೆ ಕುತ್ತು ತಂದುಕೊಂಡಿದ್ದರೆ ಕಾರಣವಾಗಬಹುದು. ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಇದು ಮೆಚ್ಚುಗೆಯ ಸಂಗತಿ: ಅನುಮಾನದ ಜಾಗದಲ್ಲಿ ಪರೀಕ್ಷಿಸಬಹುದಾದ ಲಕ್ಷಣಗಳು ಬಂದಿವೆ.

ಹಾಗೆಂದು ಕಷ್ಟ ತೀರಲಿಲ್ಲ. ಅಪಾಯ ಕಾಣುವವರೆಗೆ ಕಾಯಬೇಕೇ ಎಂದು ಮಗನಿಗಾಗಿ ಹಂಬಲಿಸುವ ತಾಯಿ ಕೇಳುತ್ತಾಳೆ. ಬೇಡವೆನ್ನುವ ಹಕ್ಕು ನನಗಿಲ್ಲವೇ ಎಂದು ಮಗ ಕೇಳುತ್ತಾನೆ. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ನೀವು ನ್ಯಾಯಾಧೀಶರಾಗಿದ್ದರೆ ಏನು ಹೇಳುತ್ತಿದ್ದಿರಿ? ತರಗತಿಯಲ್ಲಿ ಚರ್ಚಿಸಿ ನೋಡಿ.