ಬೇಟೆನಾಯಿಯೂ ನೆರೆಯವನ ಹೊಲವೂ: ಇಂಗ್ಲೆಂಡಿನ ಇತಿಹಾಸದ ಒಂದು ವಿವಾದ

ಆತಕೂರಿನ ಶಾಸನವನ್ನು ಕನ್ನಡ ವಿದ್ಯಾರ್ಥಿಗಳು ಬಲ್ಲರು. ಗಂಗರ ಬೂತುಗನಿಂದ ಮಣಲೇರನು ಬೇಡಿ ಪಡೆದ ಕಾಳಿಯೆಂಬ ಬೇಟೆನಾಯಿಯು ಕಾಡುಹಂದಿಯೊಡನೆ ಹೋರಾಡಿ ಅದರೊಡನೆಯೇ ಮಡಿದುದನ್ನೂ, ಆ ನಾಯಿಯ ನೆನಪಿಗೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟುದನ್ನೂ ಕ್ರಿ. ಶ. 949-50ರ ಆ ಕಲ್ಲು ಹೇಳುತ್ತದೆ. ಅಲ್ಲಿ ನಾಯಿಯ ನಿಮಿತ್ತವಾಗಿ ಭೂಮಿ ದೊರೆಯಿತು. ಇಂಗ್ಲೆಂಡಿನ ಇತಿಹಾಸದಲ್ಲಿ ನಾವು ಕಾಣುವುದು ಇದಕ್ಕೆ ವಿಪರೀತವಾದ ಕ್ರಮವನ್ನು. ಅಲ್ಲಿ ಭೂಮಿಯುಳ್ಳವನಿಗೆ ಮಾತ್ರ ಬೇಟೆನಾಯಿ ಸಲ್ಲುತ್ತಿತ್ತು. ನಾಯಿ ಸಾಕಿದವರಿಗೂ ನೆರೆಯ ಭೂಮಿಯವರಿಗೂ ನಡೆದ ಸುದೀರ್ಘವಾದ ಕಲಹವು ಹೊರನೋಟಕ್ಕೆ ನಾಯಿಯ ವಿಷಯದ್ದಾಗಿ ಕಂಡರೂ, ತನ್ನ ಹೊಲದ ಗಡಿಯಲ್ಲಿ ನಿಂತು ‘ಬರಕೂಡದು’ ಎನ್ನುವ ಅಧಿಕಾರ ಯಾರದು ಎಂಬುದೇ ಅದರ ತಿರುಳು ಎಂದು ನಮ್ಮ ಅಭಿಪ್ರಾಯ.

ಮೊದಲು ಆ ಅಧಿಕಾರ ಅರಸನದಾಗಿತ್ತು. ನಾರ್ಮನ್ ದೊರೆಗಳು ವಿಶಾಲವಾದ ಪ್ರದೇಶಗಳನ್ನು ರಾಜಾರಣ್ಯಗಳೆಂದು ಸಾರಿದರು. ಅರಣ್ಯವೆಂದರೆ ಮರಗಳ ದಟ್ಟಣೆ ಮಾತ್ರವೆಂದು ತಿಳಿಯಬಾರದು. ಊರುಗಳೂ ಉಳುವ ಹೊಲಗಳೂ ಅದರೊಳಗೆ ಸೇರಿದ್ದುವು. ಅಲ್ಲಿನ ನಿವಾಸಿಗಳು ಸಾಕಿದ ನಾಯಿಗಳು ಅರಸನ ಜಿಂಕೆಗಳನ್ನು ಅಟ್ಟದಂತೆ ಅವುಗಳ ಮುಂಗಾಲಿನ ಮೂರು ಉಗುರುಗಳನ್ನು ಕತ್ತರಿಸಿ ಕುಂಟಾಗಿಸುವ ಪದ್ಧತಿಯಿತ್ತು. ಮೂರನೆಯ ಹೆನ್ರಿಯ ಕಾಲದ 1217ರ ಅರಣ್ಯ ಸನ್ನದು ಈ ಕ್ರೌರ್ಯವನ್ನು ತೆಗೆದುಹಾಕಲಿಲ್ಲ, ಅದಕ್ಕೊಂದು ಮಿತಿಯನ್ನು ಮಾತ್ರ ಹಾಕಿತು. ತಪಾಸಣೆಯು ಮೂರು ವರ್ಷಗಳಿಗೊಮ್ಮೆ ನಡೆಯತಕ್ಕದ್ದು. ಉಗುರು ಕತ್ತರಿಸದ ನಾಯಿಯ ಒಡೆಯನು ಮೂರು ಷಿಲಿಂಗು ದಂಡ ತೆರತಕ್ಕದ್ದು. ಇದರ ನೆವದಿಂದ ಯಾರ ಎತ್ತನ್ನೂ ಹಿಡಿದೊಯ್ಯಕೂಡದು. ಈ ಕೊನೆಯ ಮಾತನ್ನು ಬರೆಯಬೇಕಾಗಿ ಬಂದಿತೆಂದರೆ, ಅದಕ್ಕೆ ಮುನ್ನ ಎಷ್ಟು ಎತ್ತುಗಳು ಹೋಗಿದ್ದಿರಬೇಕೆಂಬುದನ್ನು ಓದುಗರೇ ಊಹಿಸಬಹುದು.

ಅರಸನ ಅಧಿಕಾರವು ಕ್ರಮೇಣ ಭೂಮಾಲಿಕರ ವರ್ಗಕ್ಕೆ ಇಳಿಯಿತು. 1381ರ ರೈತರ ದಂಗೆಯಾಗಿ ಎಂಟು ವರ್ಷಗಳು ಕಳೆದಿದ್ದಾಗ, ಎಂದರೆ 1389ರಲ್ಲಿ, ವರ್ಷಕ್ಕೆ 40 ಷಿಲಿಂಗಿನ ಭೂಮಿಯಿಲ್ಲದ ಗೃಹಸ್ಥನು ಬೇಟೆನಾಯಿಯನ್ನು ಸಾಕಕೂಡದೆಂದು ಶಾಸನವಾಯಿತು. 1671ರ ಕಾಯಿದೆಯು ಈ ಮಟ್ಟವನ್ನು ವರ್ಷಕ್ಕೆ 100 ಪೌಂಡು ಹುಟ್ಟುವಳಿಯ ಸ್ವಂತ ಭೂಮಿ ಅಥವಾ 150 ಪೌಂಡಿನ ದೀರ್ಘಾವಧಿ ಗೇಣಿಭೂಮಿಗೆ ಏರಿಸಿತು. ಪಾರ್ಲಿಮೆಂಟಿನ ಸದಸ್ಯನನ್ನು ಆರಿಸಲು ಕೌಂಟಿಯ ಮತದಾರನಿಗೆ 40 ಷಿಲಿಂಗಿನ, ಅಂದರೆ ಎರಡು ಪೌಂಡಿನ, ಭೂಮಿ ಸಾಕಾಗಿತ್ತು. ಒಂದು ಕೌಜುಗವನ್ನು ಹೊಡೆಯಲು ಅದರ ಐವತ್ತು ಪಟ್ಟು ಬೇಕಾಯಿತು. ಈ ವಿಚಿತ್ರವನ್ನು ನ್ಯಾಯಶಾಸ್ತ್ರಜ್ಞ ಬ್ಲ್ಯಾಕ್‌ಸ್ಟನ್ನನೇ ಎತ್ತಿ ತೋರಿಸಿದ್ದಾನೆ. ಅರ್ಹತೆಯಿಲ್ಲದವನ ಮನೆಯನ್ನು ಶೋಧಿಸಿ ಅವನ ಗ್ರೇಹೌಂಡನ್ನು ವಶಪಡಿಸಿಕೊಳ್ಳಲು ಜಮೀನ್ದಾರನ ಬೇಟೆಪಾಲಕನಿಗೆ ಅಧಿಕಾರವಿತ್ತು.

ಹದಿನೆಂಟನೆಯ ಶತಮಾನದಲ್ಲಿ ನರಿಬೇಟೆಯು ಪ್ರಬಲವಾದೊಡನೆ ವಿವಾದವು ಹೊಸ ರೂಪವನ್ನು ತಾಳಿತು. ಜಿಂಕೆಯನ್ನು ಉದ್ಯಾನದೊಳಗೆ ಕೂಡಿಹಾಕಬಹುದು, ನರಿಗೆ ಗಡಿಯೆಂಬುದಿಲ್ಲ. ಅದನ್ನು ಅಟ್ಟುವ ನಾಯಿಗಳ ಹಿಂಡು, ಹಿಂಡಿನ ಹಿಂದೆ ಹತ್ತಾರು ಸವಾರರು, ಒಂದೇ ಓಟದಲ್ಲಿ ಅನೇಕ ಮಂದಿಯ ಹೊಲಗಳನ್ನು ಹಾದುಹೋಗುತ್ತಿದ್ದರು. ತುಳಿದುಹೋದ ಚಳಿಗಾಲದ ಗೋದಿ, ಮುರಿದ ಬೇಲಿ, ಮುಚ್ಚದೆ ಬಿಟ್ಟ ತಡಿಕೆ, ಬೆದರಿ ಕಂದುಹಾಕಿದ ಗಬ್ಬದ ಕುರಿ, ಇವು ರೈತನ ಪಾಲಿಗೆ ಉಳಿಯುತ್ತಿದ್ದುವು. ಇಷ್ಟಾದರೂ ರೈತನು ಸುಮ್ಮನಿದ್ದುದಕ್ಕೆ ಕಾರಣವು ಸ್ಪಷ್ಟವಾಗಿದೆ. ಅವನು ಬಹುಮಟ್ಟಿಗೆ ಗೇಣಿದಾರ. ಬೇಟೆಯ ಹಕ್ಕನ್ನು ಒಡೆಯನು ಗೇಣಿಪತ್ರದಲ್ಲಿಯೇ ತನಗೆ ಉಳಿಸಿಕೊಂಡಿರುತ್ತಿದ್ದನು. ಆ ಒಡೆಯನೇ ಎಷ್ಟೋ ವೇಳೆ ಕುದುರೆಯ ಮೇಲೆ ಕುಳಿತು ಮುಂದೆ ಬರುತ್ತಿದ್ದನು. ಬೇಟೆಯವರ ಗ್ರಂಥಗಳು ಇದನ್ನು ರೈತರ ಸೌಜನ್ಯವೆಂದು ಹೊಗಳುತ್ತವೆ. ಮುಂದಿನ ಗೇಣಿಯ ಭಯವು ಆ ಸೌಜನ್ಯದಲ್ಲಿ ಎಷ್ಟು ಪಾಲೆಂಬುದನ್ನು ಅವು ಲೆಕ್ಕಕ್ಕೆ ತರುವುದಿಲ್ಲ.

ನ್ಯಾಯಾಲಯಗಳು ಮೊದಲು ಬೇಟೆಯವರ ಕಡೆಗೇ ವಾಲಿದುವು. ನರಿಯು ಉಪದ್ರವಕಾರಿಯಾದ ಪ್ರಾಣಿ. ಅದನ್ನು ಕೊಲ್ಲಲು ಬೇರೆ ಉಪಾಯವಿಲ್ಲದಿದ್ದರೆ, ಅಗತ್ಯಕ್ಕೆ ಮೀರಿದ ಹಾನಿಮಾಡದೆ ನಾಯಿಗಳೊಡನೆ ಪರರ ಭೂಮಿಯನ್ನು ಹೊಗಬಹುದು, ಎಂದು 1786ರ ಗಂಡ್ರಿ-ಫೆಲ್ತಾಂ ವ್ಯಾಜ್ಯದಲ್ಲಿ ತೀರ್ಪಾಯಿತು. ಈ ತರ್ಕದ ದೌರ್ಬಲ್ಯವು ಹೊರಬೀಳಲು ಬಹುಕಾಲ ಬೇಕಾಗಲಿಲ್ಲ. ಉಪದ್ರವವೆಂದು ಹೆಸರಿಟ್ಟ ಅದೇ ನರಿಗೆ ಬೇಟೆಯವರು ಪೊದೆಗಳನ್ನು ಬೆಳೆಸಿ ಆಶ್ರಯ ಕಲ್ಪಿಸುತ್ತಿದ್ದರು. ಕೋಳಿಗಳನ್ನು ಕಳೆದುಕೊಂಡ ರೈತನು ಅದನ್ನು ಗುಂಡಿಕ್ಕಿ ಕೊಂದರೆ ಮಹಾಪರಾಧವೆಂಬಂತೆ ಅವನನ್ನು ದೂರವಿಡುತ್ತಿದ್ದರು. 1809ರಲ್ಲಿ ಎಸೆಕ್ಸಿನ ಅರ್ಲನು ತನ್ನ ಮಲಸೋದರನೇ ಆದ ಪಾದ್ರಿ ವಿಲಿಯಂ ಕೇಪೆಲನ ಮೇಲೆ ದಾವೆ ಹೂಡಿದಾಗ, ಮುಖ್ಯ ನ್ಯಾಯಾಧೀಶ ಎಲೆನ್‌ಬರೊ ಬೇರೊಂದು ಪ್ರಶ್ನೆಯನ್ನೆತ್ತಿದನು: ಬಂದುದು ಉಪದ್ರವ ನಿವಾರಣೆಗೋ, ವಿನೋದಕ್ಕೋ? ವಿನೋದಕ್ಕಾದರೆ ಅದು ಅತಿಕ್ರಮವೇ ಸರಿ. ಅರ್ಲನೇ ಗೆದ್ದನು. ಈ ಪ್ರಶ್ನೆಯನ್ನು ನ್ಯಾಯಾಸನದ ಮುಂದೆ ತಂದವನು ಬಡ ರೈತನಲ್ಲ, ಸ್ವತಃ ಮಹಾಜಮೀನ್ದಾರನೆಂಬುದು ಗಮನಾರ್ಹ.

1831ರ ಕಾಯಿದೆಯು ಆಸ್ತಿಯ ಅರ್ಹತೆಯನ್ನು ರದ್ದುಗೊಳಿಸಿತಾದರೂ, ನಾಯಿಗಳೊಡನೆ ಬೆನ್ನಟ್ಟಿ ಬರುವವರಿಗೆ ಅತಿಕ್ರಮದ ದಂಡದಿಂದ ವಿನಾಯಿತಿ ಕೊಟ್ಟಿತು. ಇದನ್ನೇ ಹಕ್ಕೆಂದು ಭಾವಿಸಿದವರಿಗೆ 1878ರ ಪಾಲ್-ಸಮ್ಮರ್‌ಹೇಸ್ ತೀರ್ಪು ಉತ್ತರವಾಯಿತು. ಹೊಲಕ್ಕೆ ಅಡ್ಡನಿಂತು ತಡೆದವನ ಮೇಲೆ ಕೈಮಾಡಿದ ಬೇಟೆಗಾರರಿಗೆ ಶಿಕ್ಷೆಯು ಕಾಯಂ ಆಯಿತು. ಒಡೆಯನ ಇಚ್ಛೆಗೆ ವಿರುದ್ಧವಾಗಿ ನರಿಬೇಟೆಗೆಂದು ಪರರ ಭೂಮಿಯನ್ನು ಹೊಗುವ ಹಕ್ಕು ಯಾರಿಗೂ ಇಲ್ಲವೆಂದಾಯಿತು.

ಆದರೆ ಗ್ರಂಥದಲ್ಲಿರುವ ಹಕ್ಕು ಹೊಲಕ್ಕೆ ಇಳಿಯಬೇಕಾದರೆ ಅದನ್ನು ಚಲಾಯಿಸುವ ಧೈರ್ಯವೂ ಬೇಕು. ಆ ಧೈರ್ಯವನ್ನು ಸಾಮೂಹಿಕವಾಗಿ ತೋರಿದವರು ಐರ್ಲೆಂಡಿನ ಗೇಣಿದಾರರು. 1881ರ ಅಕ್ಟೋಬರಿನಲ್ಲಿ ಪಾರ್ನೆಲ್ಲನು ಬಂಧಿತನಾದ ಮೇಲೆ, ಆ ಚಳಿಗಾಲದಲ್ಲಿ ಜಿಲ್ಲೆಜಿಲ್ಲೆಗಳಲ್ಲಿ ರೈತರು ಗುಂಪುಗೂಡಿ ಬೇಟೆಯನ್ನು ತಡೆದರು. ಕೆಲವೆಡೆ ವಿಷವಿಟ್ಟ ಮಾಂಸವನ್ನು ತಿಂದು ನಾಯಿಗಳು ಸತ್ತುವು. ಇದನ್ನು ನಾವು ಸಮರ್ಥಿಸಲಾರೆವು. ಕೆಲವೆಡೆ ಜನರೇ ತಮ್ಮ ನಾಯಿಗಳನ್ನು ಕರೆದುಕೊಂಡು ಒಡೆಯರ ಉದ್ಯಾನಗಳಿಗೆ ನುಗ್ಗಿ ‘ಜನರ ಬೇಟೆ’ಯನ್ನು ನಡೆಸಿದರು. ಅಷ್ಟು ಕಾಲ ಒಂದೇ ದಿಕ್ಕಿಗೆ ದಾಟುತ್ತಿದ್ದ ಬೇಲಿಯನ್ನು ಅವರು ಮತ್ತೊಂದು ದಿಕ್ಕಿನಿಂದ ದಾಟಿ ತೋರಿಸಿದರು. ವಾಟರ್‌ಫರ್ಡಿನ ಮಾರ್ಕ್ವಿಸನು ಕರಗ್‌ಮೋರಿನ ತನ್ನ ಬೇಟೆಯನ್ನು 1881ರಲ್ಲಿ ನಿಲ್ಲಿಸಿಬಿಟ್ಟನು.

ಇಂಗ್ಲೆಂಡಿನಲ್ಲಿ ಇಷ್ಟು ಉಗ್ರತೆಯಿರಲಿಲ್ಲ. ಕೃಷಿಯ ಮುಗ್ಗಟ್ಟಿನ ಆ ದಶಕಗಳಲ್ಲಿ ರೈತನು ಅಗ್ಗದ ಮುಳ್ಳುತಂತಿಯನ್ನು ಬೇಲಿಗೆ ಬಿಗಿದನು; ಕುದುರೆ ಹಾರುವಲ್ಲಿ ಕಾಣದ ಈ ತಂತಿಯು ಸವಾರನಿಗೆ ಮೃತ್ಯುಸಮಾನ. ಬೇಟೆಸಂಘಗಳು ತಂತಿಯನ್ನು ಬಿಚ್ಚಿಸಲೂ ಕೋಳಿಗಳಿಗೆ ಪರಿಹಾರ ಕೊಡಲೂ ನಿಧಿಗಳನ್ನು ತೆರೆಯಬೇಕಾಯಿತು. ಒಪ್ಪಿಗೆಗೆ ಬೆಲೆ ಬಂದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನೊಂದು ಪ್ರಶ್ನೆ ಬಹುಕಾಲ ಉಳಿದೇ ಇತ್ತು. ಸವಾರನನ್ನು ತಡೆಯಬಹುದು, ಗಡಿಯನ್ನರಿಯದ ನಾಯಿಯು ತಾನಾಗಿ ಹೊಕ್ಕರೆ ಹೊಣೆ ಯಾರದು? ಕ್ರೂರಕ್ರೀಡೆಗಳ ವಿರೋಧಿ ಸಂಘವು ಎಕ್ಸ್‌ಮೂರ್ ಪ್ರದೇಶದಲ್ಲಿ ಜಿಂಕೆಗಳ ಆಶ್ರಯಕ್ಕೆಂದು ಬೇಲಿಯಿಲ್ಲದ ಬಯಲುಗಳನ್ನು ಕೊಂಡುಕೊಂಡಿತ್ತು. ಡೆವನ್-ಸಾಮರ್ಸೆಟ್ ಬೇಟೆಯ ನಾಯಿಗಳು ಅಲ್ಲಿ ನುಗ್ಗಿದುದರ ಮೇಲೆ 1985ರಲ್ಲಿ ಬಂದ ತೀರ್ಪಿನಲ್ಲಿ, ನಾಯಿಗಳು ಹೊಗಲೆಂಬ ಉದ್ದೇಶವಿದ್ದರೂ, ತಡೆಯುವಲ್ಲಿ ಅಲಕ್ಷ್ಯವಿದ್ದರೂ, ಮುಖ್ಯಸ್ಥನೇ ಹೊಣೆಯೆಂದು ನ್ಯಾಯಮೂರ್ತಿ ಪಾರ್ಕ್ ನಿರ್ಣಯಿಸಿದರು. ತಡೆಯಲಾಗದೆಂದು ತಿಳಿದೂ ಅಂಥ ಭೂಮಿಯ ಬಳಿಯಲ್ಲೇ ಮತ್ತೆಮತ್ತೆ ಬೇಟೆಯಾಡುವುದರಿಂದಲೇ ಉದ್ದೇಶವನ್ನು ಊಹಿಸಬಹುದೆಂದೂ ಅವರು ಹೇಳಿದರು.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ನಾಯಿಗಳಿಂದ ಕಾಡುಪ್ರಾಣಿಗಳ ಬೇಟೆಯನ್ನು ನಿಷೇಧಿಸಿದ 2004ರ ಕಾಯಿದೆಯು 2005ರ ಫೆಬ್ರುವರಿ 18ರಂದು ಜಾರಿಗೆ ಬಂದಿತು. ತರುವಾಯ ಬೇಟೆಸಂಘಗಳು ನೆಲದ ಮೇಲೆ ಎಳೆದ ವಾಸನೆಯ ಜಾಡನ್ನು ನಾಯಿಗಳು ಹಿಂಬಾಲಿಸುವ ಜಾಡುಬೇಟೆಗೆ ತಿರುಗಿದುವು. ಅದಕ್ಕೂ ಭೂಮಿ ಬೇಕು, ಭೂಮಿಗೆ ಒಡೆಯನ ಅನುಮತಿ ಬೇಕು. ಕಾಯಿದೆಗೆ ಮೊದಲೇ, 1997ರಲ್ಲಿ, ತನ್ನ ಭೂಮಿಯಲ್ಲಿ ಜಿಂಕೆಬೇಟೆಯನ್ನು ನಿಲ್ಲಿಸಿದ್ದ ನ್ಯಾಷನಲ್ ಟ್ರಸ್ಟ್ ಸಂಸ್ಥೆಯು 2021ರ ನವೆಂಬರಿನಲ್ಲಿ ಜಾಡುಬೇಟೆಗೂ ಇನ್ನು ಪರವಾನಿಗೆ ಕೊಡುವುದಿಲ್ಲವೆಂದು ನಿರ್ಧರಿಸಿತು.