ಹಡಗುಗಳನ್ನು ಎತ್ತಿ ಇಳಿಸುವ ಸೂ ಲಾಕ್‌ಗಳು

ಅಮೆರಿಕದ ಮಿಷಿಗನ್ ರಾಜ್ಯದ ಉತ್ತರದಂಚಿನ ಸೂ ಸೇಂಟ್ ಮೇರಿ ಪಟ್ಟಣವು ಕೆನಡಾದ ಗಡಿಗೆ ಹೊಂದಿಕೊಂಡಿದೆ. ಸುಪೀರಿಯರ್ ಸರೋವರದ ನೀರನ್ನು ಹ್ಯೂರಾನ್ ಸರೋವರಕ್ಕೆ ಒಯ್ಯುವ ಸೇಂಟ್ ಮೇರೀಸ್ ನದಿಯು ಇಲ್ಲಿ ಬಂಡೆಗಳ ನಡುವೆ ಸುಮಾರು 21 ಅಡಿ ಕೆಳಗಿಳಿಯುತ್ತದೆ. ಈ ಇಳಿಜಾರನ್ನು ಹಡಗುಗಳು ಸುರಕ್ಷಿತವಾಗಿ ದಾಟಲು ನಿರ್ಮಿಸಿರುವ ವ್ಯವಸ್ಥೆಯೇ ಸೂ ಲಾಕ್‌ಗಳು. ಮೋಟಾರ್ ಹೋಮ್‌ಗಳಲ್ಲಿ ಮಹಾಸರೋವರಗಳ ಪ್ರವಾಸ ಕೈಗೊಳ್ಳುವವರಿಗೆ ಇದು ಪ್ರಮುಖ ತಂಗುದಾಣವಾಗಿದೆ.

ಕಾರ್ಯವಿಧಾನ

ಲಾಕ್ ಎಂದರೆ ಎರಡೂ ತುದಿಗಳಲ್ಲಿ ಬೃಹತ್ ಬಾಗಿಲುಗಳಿರುವ ಕಾಂಕ್ರೀಟಿನ ನೀರ್ತೊಟ್ಟಿ. ಹಡಗು ಒಳಬಂದ ನಂತರ ಬಾಗಿಲು ಮುಚ್ಚಲಾಗುತ್ತದೆ. ಮೇಲೇರಬೇಕಾದರೆ ಮೇಲ್ಭಾಗದ ನೀರನ್ನು ಒಳಬಿಡುತ್ತಾರೆ. ಕೆಳಗಿಳಿಯಬೇಕಾದರೆ ಒಳಗಿನ ನೀರನ್ನು ಕೆಳಭಾಗಕ್ಕೆ ಹರಿಸುತ್ತಾರೆ. ನೀರು ತುಂಬಿಸಲು ಪಂಪುಗಳಿಲ್ಲ, ಗುರುತ್ವಾಕರ್ಷಣೆಯೇ ಎಲ್ಲವನ್ನೂ ಮಾಡುತ್ತದೆ. ಅಮೆರಿಕದ ಸೇನಾ ಎಂಜಿನಿಯರುಗಳ ದಳವು ಇವನ್ನು ನಿರ್ವಹಿಸುತ್ತಿದ್ದು, ಹಡಗುಗಳಿಂದ ಸುಂಕ ವಸೂಲು ಮಾಡುವುದಿಲ್ಲ.

ಇತಿಹಾಸ

ಈ ಪ್ರದೇಶದ ಮೂಲನಿವಾಸಿಗಳಾದ ಒಜಿಬ್ವೆ ಜನರಿಗೆ ಇಲ್ಲಿನ ಹರಿವು ಮೀನುಗಾರಿಕೆಯ ನೆಲೆಯಾಗಿತ್ತು. ಇಲ್ಲಿ ಮೀನು ಹಿಡಿಯುವ ಶಾಶ್ವತ ಹಕ್ಕನ್ನು 1820ರ ಒಪ್ಪಂದವು ಅವರಿಗೆ ನೀಡಿತ್ತು. 1855ರಲ್ಲಿ ಮೊದಲ ದೊಡ್ಡ ಲಾಕ್ ಆರಂಭವಾಯಿತು; ಅದೇ ವರ್ಷ ಆಗಸ್ಟ್‌ನಲ್ಲಿ ಇನ್ನೊಂದು ಒಪ್ಪಂದದ ಮೂಲಕ ಆ ಹಕ್ಕನ್ನು ಅವರಿಂದ ಬಿಡಿಸಿಕೊಳ್ಳಲಾಯಿತು.

ಕೆನಡಾ ಭಾಗದ ಲಾಕ್ 1895ರಲ್ಲಿ ಆರಂಭಗೊಂಡಿತು. ವಿದ್ಯುತ್ತಿನಿಂದ ನಡೆದ ಜಗತ್ತಿನ ಮೊದಲ ಲಾಕ್ ಎಂಬ ಹಿರಿಮೆ ಅದರದು. ಗೋಡೆಯ ದೋಷದಿಂದ 1987ರಲ್ಲಿ ಮುಚ್ಚಿದ ಅದು, ಚಿಕ್ಕದಾಗಿ ಪುನರ್ನಿರ್ಮಾಣಗೊಂಡು 1998ರಿಂದ ವಿಹಾರ ದೋಣಿಗಳಿಗೆ ತೆರೆದಿದೆ.

ಒಂದೇ ಲಾಕ್‌ನ ಮೇಲೆ ಭಾರ

ಇಂದು ಅಮೆರಿಕ ಭಾಗದಲ್ಲಿ ಎರಡು ಲಾಕ್‌ಗಳು ಬಳಕೆಯಲ್ಲಿವೆ. 1943ರ ಮ್ಯಾಕಾರ್ಥರ್ ಲಾಕ್ 800 ಅಡಿ ಉದ್ದ, 80 ಅಡಿ ಅಗಲವಿದೆ. 1968ರಲ್ಲಿ ಪುನರ್ನಿರ್ಮಾಣಗೊಂಡ ಪೋ ಲಾಕ್ 1,200 ಅಡಿ ಉದ್ದ, 110 ಅಡಿ ಅಗಲವಿದೆ. ಸಾವಿರ ಅಡಿ ಉದ್ದದ ಸರಕು ಹಡಗುಗಳಿಗೆ ಪೋ ಒಂದೇ ಮಾರ್ಗ.

ಮಿನೆಸೋಟ ಹಾಗೂ ಉತ್ತರ ಮಿಷಿಗನ್‌ನ ಕಬ್ಬಿಣದ ಅದಿರು ಇದೇ ದಾರಿಯಾಗಿ ಇಂಡಿಯಾನಾ, ಓಹಾಯೋಗಳ ಉಕ್ಕಿನ ಕಾರ್ಖಾನೆಗಳನ್ನು ತಲುಪುತ್ತದೆ. ಪೋ ಆರು ತಿಂಗಳು ಅನಿರೀಕ್ಷಿತವಾಗಿ ಸ್ಥಗಿತಗೊಂಡರೆ ಸುಮಾರು 1.1 ಕೋಟಿ ಉದ್ಯೋಗಗಳು ನಷ್ಟವಾಗಬಹುದು ಎಂದು ಅಮೆರಿಕದ ಆಂತರಿಕ ಭದ್ರತಾ ಇಲಾಖೆಯ 2015ರ ಅಧ್ಯಯನ ಎಚ್ಚರಿಸಿತ್ತು. ಅದಿರು ನಿಂತರೆ ಉಕ್ಕು ನಿಲ್ಲುತ್ತದೆ, ಉಕ್ಕು ನಿಂತರೆ ವಾಹನ ತಯಾರಿಕೆಯೂ ನಿಲ್ಲುತ್ತದೆ ಎಂಬುದು ಅದರ ತರ್ಕ. ಹಳೆಯ ಡೇವಿಸ್ ಮತ್ತು ಸೇಬಿನ್ ಲಾಕ್‌ಗಳ ಜಾಗದಲ್ಲಿ ಪೋ ಅಳತೆಯ ಹೊಸ ಲಾಕ್‌ನ ಕಾಮಗಾರಿ 2020ರಲ್ಲಿ ಆರಂಭವಾಗಿದ್ದು, 2030ರ ವೇಳೆಗೆ ಪೂರ್ಣಗೊಳಿಸುವ ಗುರಿಯಿದೆ.

ದೋಣಿ ವಿಹಾರ

ಪ್ರವಾಸಿ ದೋಣಿಗಳು ಸಾಮಾನ್ಯವಾಗಿ ಅಮೆರಿಕದ ಲಾಕ್ ಮೂಲಕ ಮೇಲೇರಿ, ಅಂತಾರಾಷ್ಟ್ರೀಯ ಸೇತುವೆಯ ಅಡಿಯಲ್ಲಿ ಸಾಗಿ, ಕೆನಡಾದ ಲಾಕ್ ಮೂಲಕ ಹಿಂದಿರುಗುತ್ತವೆ.  ದೋಣಿಯೇರದವರು ದಡದ ವೀಕ್ಷಣಾ ವೇದಿಕೆಯಿಂದ ಉಚಿತವಾಗಿ ಹಡಗುಗಳನ್ನು ನೋಡಬಹುದು.

ದಕ್ಷಿಣದಿಂದ ಬರುವವರು 1957ರಲ್ಲಿ ತೆರೆದ ಮ್ಯಾಕಿನಾ ಸೇತುವೆಯನ್ನು ದಾಟಿ, ಅಂತರರಾಜ್ಯ ಹೆದ್ದಾರಿ 75ರಲ್ಲಿ ಸುಮಾರು 80 ಕಿ.ಮೀ. ಸಾಗಬೇಕು. ಗಾಳಿ ಜೋರಾಗಿದ್ದರೆ ಸೇತುವೆಯ ಮೇಲೆ ಮೋಟಾರ್ ಹೋಮ್‌ನಂತಹ ಎತ್ತರದ ವಾಹನಗಳಿಗೆ ನಿರ್ಬಂಧಗಳಿರುತ್ತವೆ.

ಬೇಸಿಗೆಯೇ ಭೇಟಿಗೆ ಸೂಕ್ತ ಕಾಲ. ಜನವರಿ 15ರಿಂದ ಮಾರ್ಚ್ 25ರವರೆಗೆ ಹಿಮಗಟ್ಟುವ ಕಾಲದಲ್ಲಿ ಲಾಕ್‌ಗಳನ್ನು ಮುಚ್ಚಿ, ವಾರ್ಷಿಕ ದುರಸ್ತಿ ಕಾರ್ಯ ನಡೆಸಲಾಗುತ್ತದೆ.