ಬ್ರಹ್ಮಗಿರಿ: ದಕ್ಷಿಣ ಭಾರತದ ಕಾಲಗಣನೆಗೆ ದಾರಿ ತೋರಿದ ಮೊಳಕಾಲ್ಮೂರಿನ ಹೊಲ

ಮೊಳಕಾಲ್ಮೂರು ಎಂದರೆ ಹೆಚ್ಚಿನವರಿಗೆ ನೆನಪಾಗುವುದು ರೇಷ್ಮೆ ಸೀರೆ. ಚಿತ್ರದುರ್ಗ ಜಿಲ್ಲೆಯ ಇದೇ ತಾಲ್ಲೂಕಿನಲ್ಲಿ ಬಂಡೆಗಳಿಂದ ತುಂಬಿದ ಒಂದು ಗುಡ್ಡವಿದೆ. ಅದರ ಹೆಸರು ಬ್ರಹ್ಮಗಿರಿ. ಗುಡ್ಡದ ತಪ್ಪಲಿನಲ್ಲಿ ಶೇಂಗಾ, ಜೋಳ ಬೆಳೆಯುವ ಒಣ ಬೇಸಾಯದ ಹೊಲಗಳಿವೆ. ಮಳೆ ಕಡಿಮೆ, ಕಲ್ಲು ಹೆಚ್ಚು. ಆದರೆ ದಕ್ಷಿಣ ಭಾರತದಲ್ಲಿ ಕಲ್ಲಿನ ಕೊಡಲಿಯ ಕಾಲ ಯಾವಾಗ ಮುಗಿಯಿತು, ಕಬ್ಬಿಣ ಯಾವಾಗ ಬಂತು ಎಂಬ ಪ್ರಶ್ನೆಗೆ ವಿದ್ವಾಂಸರು ಮೊದಲ ಬಾರಿ ಉತ್ತರ ಹುಡುಕಿದ್ದು ಈ ಹೊಲಗಳ ಮಣ್ಣಿನಲ್ಲಿ. ಆ ಉತ್ತರ ಅರ್ಧ ಸರಿ, ಅರ್ಧ ತಪ್ಪಾಗಿತ್ತು. ತಪ್ಪಿದ್ದು ನೂರಿನ್ನೂರು ವರ್ಷವಲ್ಲ, ಸಾವಿರ ವರ್ಷಕ್ಕೂ ಹೆಚ್ಚು!

ಮೊದಲು ಸಿಕ್ಕಿದ್ದು ಅಕ್ಷರ

ಬ್ರಹ್ಮಗಿರಿ ಹೊರಜಗತ್ತಿಗೆ ಪರಿಚಯವಾದದ್ದು 1892ರಲ್ಲಿ. ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರು ಅಲೆದು ಸಂಗ್ರಹಿಸುತ್ತಿದ್ದ ಬಿ.ಎಲ್. ರೈಸ್ ಅವರಿಗೆ ಇಲ್ಲಿನ ಬಂಡೆಯೊಂದರ ಮೇಲೆ ಬ್ರಾಹ್ಮಿ ಲಿಪಿಯ ಬರಹ ಸಿಕ್ಕಿತು. ಊರಿನವರಿಗೆ ಅದು ಹೊಸದೇನಲ್ಲ. ಆ ಬಂಡೆಯನ್ನು ಅವರು ಮೊದಲಿನಿಂದಲೂ 'ಅಕ್ಷರಗುಂಡು' ಎಂದೇ ಕರೆಯುತ್ತಿದ್ದರು. ಓದಿ ನೋಡಿದಾಗ ಅದು ಮೌರ್ಯ ಚಕ್ರವರ್ತಿ ಅಶೋಕನ ಶಾಸನ ಎಂದು ತಿಳಿಯಿತು. ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಇದೇ ಶಾಸನದ ಪ್ರತಿಗಳು ಸಿಕ್ಕವು. ಕೆಲವೇ ಕಿಲೋಮೀಟರ್ ಅಂತರದಲ್ಲಿ ಮೂರು ಶಾಸನಗಳು. ಆ ಊರನ್ನು ಈಗ ಅಶೋಕ ಸಿದ್ದಾಪುರ ಎಂದೇ ಕರೆಯುತ್ತಾರೆ.

ತಂದೆ ತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು, ಗುರುವನ್ನು ಗೌರವಿಸಬೇಕು ಎಂಬುದು ಶಾಸನದ ಸಾರ. ಆದರೆ ಇತಿಹಾಸಕಾರರಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅದರ ಮೊದಲ ಸಾಲುಗಳು. ಸುವರ್ಣಗಿರಿಯಿಂದ ಆರ್ಯಪುತ್ರ ಮತ್ತು ಮಹಾಮಾತ್ರರು 'ಇಸಿಲ'ದ ಮಹಾಮಾತ್ರರ ಆರೋಗ್ಯ ವಿಚಾರಿಸಿ ಈ ಆಜ್ಞೆಯನ್ನು ತಲುಪಿಸುತ್ತಿದ್ದಾರೆ ಎಂದು ಅಲ್ಲಿ ಬರೆದಿದೆ. ಮಹಾಮಾತ್ರರೆಂದರೆ ಹಿರಿಯ ಅಧಿಕಾರಿಗಳು. ಹಾಗಾದರೆ ಕ್ರಿ.ಪೂ. 3ನೇ ಶತಮಾನದಲ್ಲಿ ಇಲ್ಲೆಲ್ಲೋ ಇಸಿಲ ಎಂಬ ಆಡಳಿತ ಕೇಂದ್ರ ಇದ್ದಿರಬೇಕು. ಪುರಾತತ್ವ ತಜ್ಞರನ್ನು ಈ ಹೊಲಗಳಿಗೆ ಎಳೆದು ತಂದದ್ದು ಈ ಒಂದು ಹೆಸರು.

ಕೃಷ್ಣ ಅಗೆದರು, ವೀಲರ್ ಬಂದರು

ಇಲ್ಲಿ ಮೊದಲು ಉತ್ಖನನ ನಡೆಸಿದವರು ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ.ಎಚ್. ಕೃಷ್ಣ. 1940ರ ದಶಕದ ಆರಂಭದಲ್ಲಿ ಅವರು ತೋಡಿಸಿದ ಗುಂಡಿಗಳಲ್ಲಿ ಕಲ್ಲಿನ ಆಯುಧಗಳ ಕಾಲದಿಂದ ಚಾಲುಕ್ಯ-ಹೊಯ್ಸಳರ ಕಾಲದವರೆಗಿನ ವಸ್ತುಗಳು ಒಂದರ ಮೇಲೊಂದು ಸಿಕ್ಕಿದ್ದವು. ಒಂದೇ ಜಾಗದಲ್ಲಿ ಇಷ್ಟು ಕಾಲಗಳ ಜನ ಬಾಳಿದ್ದರು ಎಂದು ಮೊದಲು ತೋರಿಸಿದ್ದು ಅವರೇ. ಪಠ್ಯಪುಸ್ತಕಗಳಲ್ಲಿ ಬ್ರಹ್ಮಗಿರಿಯ ಜೊತೆ ವೀಲರ್ ಹೆಸರೇ ಹೆಚ್ಚಾಗಿ ಕಾಣುವುದರಿಂದ ಈ ಮಾತನ್ನು ಹೇಳಲೇಬೇಕು.

ಮಾರ್ಟಿಮರ್ ವೀಲರ್ 1944ರಿಂದ 1948ರವರೆಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಾಗಿದ್ದರು. ಮಣ್ಣಿನ ಪದರಗಳನ್ನು ಒಂದೊಂದಾಗಿ ಬಿಡಿಸಿ, ಯಾವ ವಸ್ತು ಯಾವ ಪದರದಲ್ಲಿ ಸಿಕ್ಕಿತೆಂದು ಕಟ್ಟುನಿಟ್ಟಾಗಿ ದಾಖಲಿಸುವುದು ಅವರ ಪದ್ಧತಿ. ದೇಶಕ್ಕೆ ಸ್ವಾತಂತ್ರ್ಯ ಬಂದ 1947ರಲ್ಲಿ ಅವರು ಬ್ರಹ್ಮಗಿರಿಯಲ್ಲಿ ಮತ್ತು ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದರು. ಬ್ರಹ್ಮಗಿರಿಯಲ್ಲಿ ಜನ ವಾಸವಿದ್ದ ಜಾಗವನ್ನೂ ಪಕ್ಕದ ಸಮಾಧಿಗಳನ್ನೂ ಒಟ್ಟಿಗೆ ಪರಿಶೀಲಿಸಿದರು. ಮನೆಯ ಕಸದಲ್ಲಿ ಸಿಕ್ಕ ಮಡಕೆಚೂರು ಮತ್ತು ಸಮಾಧಿಯಲ್ಲಿಟ್ಟ ಮಡಕೆ ಒಂದೇ ಬಗೆಯದಾಗಿದ್ದರೆ ಎರಡೂ ಒಂದೇ ಜನರದು ಎಂದು ಹೇಳಬಹುದಲ್ಲವೇ?

ಕೆಳಗಿನಿಂದ ಮೇಲಕ್ಕೆ

ಎಲ್ಲಕ್ಕಿಂತ ಕೆಳಗೆ, ಹಲವು ಅಡಿ ದಪ್ಪದ ಮಣ್ಣಿನಲ್ಲಿ ಸಿಕ್ಕಿದ್ದು ನುಣುಪಾಗಿ ಉಜ್ಜಿದ ಕಲ್ಲಿನ ಕೊಡಲಿಗಳು. ಗಟ್ಟಿಯಾದ ಕಪ್ಪು ಕಲ್ಲನ್ನು ಮೊದಲು ಚಕ್ಕೆ ಎಬ್ಬಿಸಿ ಆಕಾರಕ್ಕೆ ತಂದು, ಆಮೇಲೆ ಉಜ್ಜಿ ಅಂಚು ಹರಿತ ಮಾಡಿದ ಕೊಡಲಿಗಳಿವು. ಜೊತೆಗೆ ಸಣ್ಣ ಕಲ್ಲಿನ ಅಲಗುಗಳು, ತಿಗರಿಯಿಲ್ಲದೆ ಕೈಯಲ್ಲೇ ಮಾಡಿದ ಬೂದು ಬಣ್ಣದ ಮಡಕೆಗಳು ಮತ್ತು ಬೆರಳೆಣಿಕೆಯಷ್ಟು ತಾಮ್ರ, ಕಂಚಿನ ಚೂರುಗಳು. ಮರದ ಕಂಬ ನೆಟ್ಟ ಕುಳಿಗಳಿಂದ ಅಲ್ಲಿ ಮನೆಗಳಿದ್ದವೆಂದು ಗೊತ್ತಾಯಿತು. ಎಳೆಯ ಮಕ್ಕಳು ತೀರಿಕೊಂಡರೆ ಮಡಕೆಯೊಳಗಿಟ್ಟು ವಾಸದ ಜಾಗದಲ್ಲೇ ಹೂಳುತ್ತಿದ್ದರು. ಇದು ನವಶಿಲಾಯುಗದ ಜನರ ಕಾಲ. ದನ, ಕುರಿ, ಆಡು ಸಾಕಿ, ಒಣಭೂಮಿಯಲ್ಲಿ ಬೆಳೆ ತೆಗೆದ ಜನ ಇವರು. ಬಳ್ಳಾರಿ ಬಳಿಯ ಸಂಗನಕಲ್ಲು, ತೆಕ್ಕಲಕೋಟೆಗಳಲ್ಲೂ ಇವರದೇ ಕುರುಹುಗಳಿವೆ. ಸಂಗನಕಲ್ಲಿನ ಗುಡ್ಡವಂತೂ ಕಲ್ಲಿನ ಕೊಡಲಿ ತಯಾರಿಸುವ ದೊಡ್ಡ ಕಾರ್ಯಾಗಾರವೇ ಆಗಿತ್ತು.

ಅದರ ಮೇಲಿನ ಪದರದಲ್ಲಿ ಕಬ್ಬಿಣ ಕಾಣಿಸುತ್ತದೆ. ಮಡಕೆಯೂ ಬದಲಾಗುತ್ತದೆ. ಹೊರಗೆ ಕೆಂಪು, ಒಳಗೆ ಮತ್ತು ಬಾಯಿಯ ಅಂಚಿನಲ್ಲಿ ಕಪ್ಪು ಇರುವ ಹೊಳಪಿನ ಮಡಕೆಗಳು ಬರುತ್ತವೆ. ಇದೇ ಮಡಕೆಗಳು ಪಕ್ಕದ ಸಮಾಧಿಗಳಲ್ಲೂ ಇದ್ದವು. ಬ್ರಹ್ಮಗಿರಿಯ ಸುತ್ತ ಇಂಥ ಸಮಾಧಿಗಳು ನೂರಾರಿವೆ. ವೀಲರ್ ಅವುಗಳಲ್ಲಿ ಹತ್ತನ್ನು ಅಗೆಸಿದರು. ಆರು ಕಲ್ಚಪ್ಪಡಿಯ ಕೋಣೆಗಳು, ನಾಲ್ಕು ಕಲ್ಲುವೃತ್ತದ ನಡುವಿನ ಗುಂಡಿಗಳು. ದೊಡ್ಡ ಚಪ್ಪಡಿಗಳನ್ನು ಒಂದರ ತುದಿ ಇನ್ನೊಂದಕ್ಕೆ ಒತ್ತು ಕೊಡುವಂತೆ ಸ್ವಸ್ತಿಕದ ಆಕಾರದಲ್ಲಿ ನಿಲ್ಲಿಸಿ ಕೋಣೆ ಕಟ್ಟಿದ್ದರು. ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಒಳಗೆ ಆಯ್ದು ತಂದಿಟ್ಟ ಮೂಳೆಗಳು, ಮಡಕೆಗಳು, ಕಬ್ಬಿಣದ ಆಯುಧಗಳು. ಹೆಣವನ್ನು ಮೊದಲು ಗುಂಡಿಯಲ್ಲಿ ತೆರೆದಿಟ್ಟು, ಮೂಳೆ ಉಳಿದ ಮೇಲೆ ಕೋಣೆಗೆ ಸಾಗಿಸುತ್ತಿದ್ದರೇನೋ ಎಂಬುದು ವೀಲರ್ ಊಹೆ. ಇಂಥ ಸಮಾಧಿಗಳನ್ನೇ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಕಡೆಯ ಜನ 'ಮೋರೇರ ಮನೆ' ಎನ್ನುತ್ತಾರೆ.

ಮೂರನೆಯ ಪದರ ಶಾತವಾಹನರ ಕಾಲದ್ದು. ತಿಗರಿಯ ಮೇಲೆ ತಿರುಗಿಸಿದ ಮಡಕೆಗಳು, ಕಂದುಗೆಂಪು ಮೈಮೇಲೆ ಬಿಳಿ ಗೆರೆಗಳ ಚಿತ್ತಾರ, ಮಣಿ, ಬಳೆ. ಇದರ ಮೇಲೆ ಅಲ್ಲಲ್ಲಿ ಮಧ್ಯಯುಗದ ಅವಶೇಷ, ಅದರ ಮೇಲೆ ಈಗಿನ ಹೊಲ.

ಒಂದು ಕಾಲ ಮುಗಿದು ಇನ್ನೊಂದು ಕಾಲ ದಿಢೀರನೆ ಶುರುವಾಗಲಿಲ್ಲ ಎಂಬುದೂ ಈ ಮಣ್ಣಿನಲ್ಲಿ ಸ್ಪಷ್ಟವಾಗಿತ್ತು. ಕಬ್ಬಿಣ ಬಂದ ಮೇಲೂ ಕೆಲಕಾಲ ಕಲ್ಲಿನ ಕೊಡಲಿ ಬಳಕೆಯಲ್ಲಿತ್ತು. ಹಳೆಯ ಜನರನ್ನು ಓಡಿಸಿ ಹೊಸಬರು ಬಂದರು ಎಂಬ ಸರಳ ಕಥೆಗೆ ಇದು ಹೊಂದುವುದಿಲ್ಲ.

ಪುದುಚೇರಿಯಲ್ಲಿ ಸಿಕ್ಕ ಕೀಲಿಕೈ

ಯಾವುದು ಮೊದಲು, ಯಾವುದು ಆಮೇಲೆ ಎಂದು ಪದರ ಹೇಳುತ್ತದೆ. ಎಷ್ಟು ವರ್ಷದ ಹಿಂದೆ ಎಂದು ಹೇಳುವುದಿಲ್ಲ. ಅದಕ್ಕೆ ಇಸವಿ ಗೊತ್ತಿರುವ ಒಂದಾದರೂ ವಸ್ತು ಬೇಕು. ವೀಲರ್‌ಗೆ ಅದು ಸಿಕ್ಕಿದ್ದು ಬ್ರಹ್ಮಗಿರಿಗಿಂತ ಎರಡು ವರ್ಷ ಮೊದಲು, ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ. ಕಡಲ ವ್ಯಾಪಾರದ ಆ ಊರಿನಲ್ಲಿ 1945ರಲ್ಲಿ ಇಟಲಿಯಿಂದ ಬಂದ ಕೆಂಪು ಹೊಳಪಿನ ಪಾತ್ರೆಗಳ ಚೂರು ದೊರೆತಿದ್ದವು. ಆ ಪಾತ್ರೆಗಳು ಇಟಲಿಯಲ್ಲಿ ಯಾವಾಗ ತಯಾರಾಗುತ್ತಿದ್ದವು ಎಂಬುದು ಯುರೋಪಿನ ತಜ್ಞರಿಗೆ ಗೊತ್ತಿತ್ತು. ಹಾಗಾಗಿ ಅವುಗಳ ಜೊತೆ ಸಿಕ್ಕ ಸ್ಥಳೀಯ ಮಡಕೆಗೂ ಕಾಲ ನಿಗದಿಯಾಯಿತು. ಒಳತಳದಲ್ಲಿ ಸಣ್ಣ ಚುಕ್ಕೆಗಳ ಸಾಲು ಒತ್ತಿದ 'ರೌಲೆಟೆಡ್' ತಟ್ಟೆಗಳು ಅವುಗಳಲ್ಲಿ ಮುಖ್ಯವಾದವು.

ಅದೇ ತಟ್ಟೆಯ ಚೂರುಗಳು ಬ್ರಹ್ಮಗಿರಿಯ ಮೂರನೆಯ ಪದರದಲ್ಲಿ ಸಿಕ್ಕವು. ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೂ ಸಿಕ್ಕಿತು. ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಹೀಗೆ ಮೂರನೆಯ ಪದರ ಕ್ರಿ.ಶ. 1ನೇ ಶತಮಾನದ ಮಧ್ಯದಲ್ಲಿ ಶುರುವಾಯಿತೆಂದು ವೀಲರ್ ಲೆಕ್ಕ ಹಾಕಿದರು. ಬಂದರಿನ ಒಂದು ತಟ್ಟೆಯಿಂದ ಒಳನಾಡಿನ ಹೊಲದ ಮಣ್ಣಿಗೆ ಇಸವಿ ಬಂತು. ಇಲ್ಲಿಯವರೆಗಿನ ತರ್ಕ ಅಚ್ಚುಕಟ್ಟು.

ತಪ್ಪಿದ್ದು ಎಲ್ಲಿ?

ತೊಂದರೆ ಶುರುವಾದದ್ದು ಅದಕ್ಕಿಂತ ಕೆಳಗಿನ ಪದರಗಳಲ್ಲಿ. ಅಲ್ಲಿ ಇಸವಿ ಹೇಳುವ ವಸ್ತು ಇರಲಿಲ್ಲ. ಇದ್ದದ್ದು ಮಣ್ಣಿನ ದಪ್ಪ ಮತ್ತು ಗುಡ್ಡದ ಮೇಲಿನ ಅಶೋಕನ ಶಾಸನ. ಕಬ್ಬಿಣ ಬಳಸಿದ ಸಮಾಧಿಗಳ ಕಾಲ ಕ್ರಿ.ಪೂ. 200ರ ಸುಮಾರಿಗೆ ಆರಂಭವಾಯಿತು, ಅದಕ್ಕೆ ಮೊದಲು ಕಲ್ಲಿನ ಕೊಡಲಿಯ ಕಾಲ ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭದಿಂದ ನಡೆದಿತ್ತು ಎಂದು ವೀಲರ್ ಅಂದಾಜಿಸಿದರು. ಇದರರ್ಥವೇನು? ಮೌರ್ಯರು ಬರುವವರೆಗೂ ದಕ್ಷಿಣದವರು ಕಲ್ಲಿನ ಕೊಡಲಿ ಹಿಡಿದಿದ್ದರು, ಕಬ್ಬಿಣ ಅವರ ಕೈಗೆ ಬಂದದ್ದು ಉತ್ತರದ ಸಾಮ್ರಾಜ್ಯದ ಸಂಪರ್ಕದಿಂದ ಎಂದಾಯಿತು. ದಖ್ಖನ್ನಿನ ಜನರ ಇಡೀ ಪ್ರಾಚೀನ ಇತಿಹಾಸವನ್ನು ಕುಗ್ಗಿಸುವ ತೀರ್ಮಾನ ಅದು.

1949ರಲ್ಲಿ ಅಮೆರಿಕದ ವಿಜ್ಞಾನಿ ವಿಲಾರ್ಡ್ ಲಿಬ್ಬಿ ಇಂಗಾಲ-14 ಪರೀಕ್ಷೆಯನ್ನು ಜಗತ್ತಿನ ಮುಂದಿಟ್ಟರು. ಜೀವವಿದ್ದ ವಸ್ತು ಸತ್ತ ಮೇಲೆ ಅದರಲ್ಲಿರುವ ಇಂಗಾಲ-14 ಸುಮಾರು 5,730 ವರ್ಷಕ್ಕೆ ಅರ್ಧದಷ್ಟು ಕಡಿಮೆಯಾಗುತ್ತದೆ. ಉಳಿದದ್ದನ್ನು ಅಳೆದರೆ ವಯಸ್ಸು ತಿಳಿಯುತ್ತದೆ. ಒಂದು ಚಿಟಿಕೆ ಇದ್ದಿಲು ಈಗ ರೋಮ್ ನಾಣ್ಯದ ಕೆಲಸ ಮಾಡತೊಡಗಿತು.

ಈಗಿನ ತೆಲಂಗಾಣದ ಉತ್ನೂರಿನಲ್ಲಿ ಎಫ್.ಆರ್. ಆಲ್ಚಿನ್ 1957ರಲ್ಲಿ ಬೂದಿದಿಬ್ಬವೊಂದನ್ನು ಅಗೆಸಿದರು. ನವಶಿಲಾಯುಗದ ದನಗಾಹಿಗಳು ಸಗಣಿ ರಾಶಿಗೆ ಬೆಂಕಿ ಹಾಕಿದ್ದರಿಂದ ಆದ ದಿಬ್ಬವದು. ಅದರ ವಯಸ್ಸು ಕ್ರಿ.ಪೂ. 2000ಕ್ಕಿಂತಲೂ ಹಿಂದಕ್ಕೆ ಹೋಯಿತು. 1960ರ ದಶಕದಲ್ಲಿ ಡಾ. ಎಂ.ಎಸ್. ನಾಗರಾಜರಾವ್ ತುಂಗಭದ್ರಾ ದಂಡೆಯ ಹಳ್ಳೂರಿನಲ್ಲಿ ನಡೆಸಿದ ಉತ್ಖನನದಲ್ಲಿ ಕಬ್ಬಿಣ ಸಿಕ್ಕ ಪದರದ ಕಾಲ ಕ್ರಿ.ಪೂ. 1000ದ ಆಸುಪಾಸು ಎಂದು ಬಂತು. ಅಂದರೆ ಅಶೋಕನಿಗಿಂತ ಸುಮಾರು 700 ವರ್ಷ ಮೊದಲೇ ಈ ನೆಲದಲ್ಲಿ ಕಬ್ಬಿಣವಿತ್ತು. ಮೌರ್ಯರು ಬಂದಾಗ ಇಲ್ಲಿನ ಕಮ್ಮಾರನ ಕುಲುಮೆ ಹಳೆಯದಾಗಿತ್ತು!

ವೀಲರ್ ನೆಚ್ಚಿಕೊಂಡಿದ್ದ ರೌಲೆಟೆಡ್ ತಟ್ಟೆಯ ಲೆಕ್ಕವೂ ಮುಂದೆ ಬದಲಾಯಿತು. 1989ರಿಂದ 1992ರವರೆಗೆ ವಿಮಲಾ ಬೇಗ್ಲಿ ಅವರ ತಂಡ ಅರಿಕಮೇಡುವನ್ನು ಮತ್ತೆ ಅಗೆದ ಮೇಲೆ ಆ ತಟ್ಟೆಗಳ ಆರಂಭವೂ ಕ್ರಿಸ್ತಪೂರ್ವಕ್ಕೆ ಸರಿಯಿತು. ಕಬ್ಬಿಣದ ಚರ್ಚೆ ಈಗಲೂ ಬಿಸಿಯಾಗಿದೆ. ತೂತ್ತುಕುಡಿ ಜಿಲ್ಲೆಯ ಶಿವಗಲೈನಲ್ಲಿ ಕಬ್ಬಿಣದ ಜೊತೆ ಸಿಕ್ಕ ಮಾದರಿಯೊಂದರ ಕಾಲ ಕ್ರಿ.ಪೂ. 3345 ಎಂದು ತಮಿಳುನಾಡು ಸರ್ಕಾರ 2025ರ ಜನವರಿಯಲ್ಲಿ ಪ್ರಕಟಿಸಿತು. ಅದನ್ನು ಎಷ್ಟರ ಮಟ್ಟಿಗೆ ಒಪ್ಪಬೇಕೆಂಬ ಬಗ್ಗೆ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ.

ಇಷ್ಟೆಲ್ಲ ತಿದ್ದುಪಡಿಯಾದರೂ ಬ್ರಹ್ಮಗಿರಿಯ ಪದರಗಳ ಕ್ರಮ ಮಾತ್ರ ಕದಲಲಿಲ್ಲ. ಮೊದಲು ಕಲ್ಲಿನ ಕೊಡಲಿ, ನಂತರ ಕಬ್ಬಿಣ ಮತ್ತು ಕಲ್ಲುಸಮಾಧಿ, ಆಮೇಲೆ ಶಾತವಾಹನರ ಕಾಲದ ಮಡಕೆ. ಸಂಶೋಧಕರು ಇಂದಿಗೂ ಆ ಕ್ರಮವನ್ನೇ ಮುಂದಿಟ್ಟುಕೊಂಡು ಬೇರೆ ನೆಲೆಗಳನ್ನು ಹೋಲಿಸುತ್ತಾರೆ. ಯಾವ ಚೂರು ಯಾವ ಆಳದಲ್ಲಿತ್ತು ಎಂಬುದನ್ನು 1947ರಲ್ಲಿ ಬರೆದಿಟ್ಟಿದ್ದರಿಂದಲೇ ಇಸವಿಯನ್ನಷ್ಟೇ ಬದಲಿಸಿ ಉಳಿದದ್ದನ್ನು ಇಟ್ಟುಕೊಳ್ಳಲು ಸಾಧ್ಯವಾಯಿತು.

ಹೊಲದಲ್ಲಿ ಏನಾದರೂ ಸಿಕ್ಕರೆ

ಬಯಲುಸೀಮೆಯ ರೈತರಿಗೆ ನೇಗಿಲ ಮೊನೆಗೆ ಮಡಕೆಚೂರು, ಕಲ್ಲಿನ ಕೊಡಲಿ, ಮಣಿ ಸಿಗುವುದು ಅಪರೂಪವಲ್ಲ. ಉಜ್ಜಿದ ಕೊಡಲಿಗಳನ್ನು ಸಿಡಿಲಿನ ಕಲ್ಲೆಂದು ನಂಬಿ ಮರದಡಿ ಇಟ್ಟು ಪೂಜಿಸುವುದೂ ಉಂಟು. ಆ ಪೂಜೆಯಿಂದ ಕೊಡಲಿಗಳು ಉಳಿದಿವೆ, ನಿಜ. ಆದರೆ ಅವು ಯಾವ ಹೊಲದ ಯಾವ ಆಳದಿಂದ ಬಂದವು ಎಂಬ ಮಾಹಿತಿ ಉಳಿದಿಲ್ಲ. ಸಮಾಧಿಗಳಿಗೆ ಒದಗಿದ್ದು ಇದಕ್ಕಿಂತ ಕಷ್ಟದ ಗತಿ. ಕಲ್ಚಪ್ಪಡಿಗಳು ಮನೆ ಕಟ್ಟಲು, ಬದು ಹಾಕಲು ಸುಲಭಕ್ಕೆ ಸಿಗುವ ಕಲ್ಲುಗಳು. ನಿಧಿಯ ಆಸೆಗೆ ಅಗೆಯುವವರ ಕಾಟವೂ ಇದೆ. ಬ್ರಹ್ಮಗಿರಿಯ ಕೋಣೆಗಳಲ್ಲಿ ವೀಲರ್‌ಗೆ ಸಿಕ್ಕಿದ್ದು ಮೂಳೆ, ಮಡಕೆ, ಕಬ್ಬಿಣ ಎಂಬುದನ್ನು ನಿಧಿಗಳ್ಳರು ಓದಿದಂತೆ ಕಾಣುವುದಿಲ್ಲ.

ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸುವುದು ಕಾನೂನಿನ ಪ್ರಕಾರ ಕಡ್ಡಾಯ. ಬ್ರಿಟಿಷರ ಕಾಲದ 1878ರ ಭಾರತೀಯ ನಿಧಿ ಕಾಯ್ದೆಯ ಪ್ರಕಾರ 10 ರೂಪಾಯಿಗಿಂತ ಹೆಚ್ಚಿನ ಬೆಲೆಯ ವಸ್ತು ಸಿಕ್ಕರೆ ಕಲೆಕ್ಟರ್‌ಗೆ ಮಾಹಿತಿ ಕೊಡಬೇಕಿತ್ತು. ಕರ್ನಾಟಕಕ್ಕೆ 1962ರಿಂದ ತನ್ನದೇ ಕಾಯ್ದೆಯಿದೆ. ರಾಷ್ಟ್ರೀಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ನಿರ್ಮಾಣ ನಿಷಿದ್ಧ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಮಡಕೆಚೂರು ಕಂಡರೆ ಅದನ್ನು ಕೀಳದೆ, ಇದ್ದ ಹಾಗೆಯೇ ಫೋಟೋ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿದರೆ ಸಾಕು.

ಬ್ರಹ್ಮಗಿರಿಗೆ ಹೋಗುವವರು ಬಳ್ಳಾರಿ ಅಥವಾ ಚಿತ್ರದುರ್ಗದ ಕಡೆಯಿಂದ ಅಶೋಕ ಸಿದ್ದಾಪುರ ತಲುಪಬಹುದು. ಬಂಡೆಯ ಮೇಲಿನ ಬರಹವನ್ನು ನೋಡುವಾಗ ಕೊನೆಯ ಭಾಗವನ್ನು ಗಮನಿಸಬೇಕು. ಬರೆದವನು ಚಪಡ ಎಂಬ ಲಿಪಿಕಾರ. ಶಾಸನವೆಲ್ಲ ಎಡದಿಂದ ಬಲಕ್ಕೆ ಓದುವ ಬ್ರಾಹ್ಮಿಯಲ್ಲಿದೆ. ತನ್ನ ವೃತ್ತಿ ಹೇಳುವ 'ಲಿಪಿಕಾರ' ಎಂಬ ಪದವನ್ನು ಮಾತ್ರ ಆತ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಇಂದಿನ ಪೆಶಾವರ, ತಕ್ಷಶಿಲೆಯ ಕಡೆ ಬಳಕೆಯಲ್ಲಿದ್ದ ಲಿಪಿ. ಅವನ ಮಹಾಮಾತ್ರರು ಕುಳಿತು ಆಳುತ್ತಿದ್ದ ಇಸಿಲವನ್ನು ಹುಡುಕಿ ಬಂದ ವೀಲರ್‌ಗೆ ಆ ಗುಂಡಿಗಳಲ್ಲಿ ಮೌರ್ಯರದ್ದೇ ಎಂದು ಬೆರಳಿಟ್ಟು ತೋರಿಸುವಂಥ ಪದರವೊಂದು ಸಿಗಲಿಲ್ಲ.